ಲಾಲಮ್ಮನ ನಂದಿಬಟ್ಟಲು

ಸೇಡಂ
18 ಜೂನ್ 2024

ಲುಂಬಿನಿ,

ನಾಲ್ಕು ಸಲ ಫೋನ್ ಮಾಡಿದೆ, ನೀನು ಎತ್ತಲಿಲ್ಲ. ಐದನೆಯ ಸಲ ಮಾಡಲು ನಾಚಿಕೆಯಾಯಿತು, ಅದಕ್ಕೇ ಈ ಕಾಗದ. ನಿನಗೆ ಕೊನೆಯ ಸಲ ಕಾಗದ ಬರೆದದ್ದು ವಾಡಿ ರೈಲ್ವೆ ಶಾಲೆಯಲ್ಲಿ, ಏಳನೆಯ ಇಯತ್ತೆಯಲ್ಲಿ. ಆಗ ನೀನು ಪಕ್ಕದಲ್ಲೇ ಕೂತಿದ್ದೆ, ಆದರೂ ಬರೆದಿದ್ದೆ. ನನ್ನ ಸ್ವಭಾವ ನಿನಗೆ ಗೊತ್ತಲ್ಲ, ಬಾಯಿ ಮುಚ್ಚಿಸಿದರೆ ಕೈ ಸುಮ್ಮನಿರುವುದಿಲ್ಲ.

ವಿಷಯ ಗಿಡದ್ದು. ನನ್ನ ಮದುವೆಯ ಹಿಂದಿನ ದಿನ ನಿಮ್ಮ ಅವ್ವ ಲಾಲಮ್ಮ ಆಯಿ ನಿಮ್ಮ ರೈಲ್ವೆ ಕ್ವಾರ್ಟರ್ಸ್ ಮುಂದಿನ ನಂದಿಬಟ್ಟಲು ಗಿಡದಿಂದ ಕಡ್ಡಿ ಮುರಿದು, ಒದ್ದೆ ಅರಿವೆಯಲ್ಲಿ ಸುತ್ತಿ, ನನ್ನ ಟ್ರಂಕಿನಲ್ಲಿ ಇಟ್ಟಿದ್ದಳಲ್ಲ, ಆ ಗಿಡ. ಹದಿನೈದು ವರ್ಷದಲ್ಲಿ ಅದು ನಮ್ಮ ಅಂಗಳದ ಗೋಡೆಗಿಂತ ಎತ್ತರ ಬೆಳೆದಿದೆ. ವಾಡಿಯ ಆ ಕ್ವಾರ್ಟರ್ಸ್ ಸಾಲು ಕೆಡವಿದಾಗ ತಾಯಿಗಿಡ ಅಲ್ಲೇ ಮಣ್ಣಾಯಿತು ಎಂದು ಕೇಳಿದೆ. ಅಂದ ಮೇಲೆ ಉಳಿದಿರುವುದು ಇದೊಂದೇ.

ಇದೂ ಹೋಗುವುದರಲ್ಲಿದೆ. ನಮ್ಮ ಮನೆಯವರು ಹಳೆಯ ಕಾರೊಂದು ಕೊಂಡಿದ್ದಾರೆ. ಅದನ್ನು ನಿಲ್ಲಿಸಲು ಅಂಗಳಕ್ಕೆಲ್ಲ ಶಹಾಬಾದ್ ಕಲ್ಲು ಹಾಸಬೇಕಂತೆ, ದಸರೆ ಮುಗಿದ ಮೇಲೆ ಕೆಲಸ ಶುರು. ಗಿಡ ಸರಿಯಾಗಿ ನಡುವೆ ಬರುತ್ತದೆ. ನಾನು ಬೇಡವೆಂದೆ. "ಸಂತ್ಯಾಗ ನಲವತ್ತು ರೂಪಾಯಿಗಿ ಹೊಸಾ ಗಿಡ ಸಿಗ್ತಾವ, ತಗೊ" ಅಂದರು. ಅವರಿಗೆ ಇದು ಯಾವ ಗಿಡ ಎಂದು ಗೊತ್ತಿಲ್ಲ.

ಎಂಟು ಕಡ್ಡಿ ಕತ್ತರಿಸಿ, ಇಲ್ಲೇ ಹತ್ತಿರದ ಮುಧೋಳದ ನಮ್ಮ ಹೊಲದ ಕರಿಮಣ್ಣು ತರಿಸಿ, ಚಹಾ ಕುಡಿಯುವ ಪ್ಲಾಸ್ಟಿಕ್ ಕಪ್ಪುಗಳಲ್ಲಿ ನೆಟ್ಟಿದ್ದೇನೆ. ದಿನಾ ಮುಂಜಾನೆ ಒಂದೊಂದೇ ಕಿತ್ತು ಬೇರು ಬಂತೇ ನೋಡಿ ಮತ್ತೆ ಹೂಳುತ್ತೇನೆ. ಬೇರಿಲ್ಲ, ಬುಡ ಕಪ್ಪಾಗುತ್ತಿದೆ. ನೀನು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಲಕ್ಷಗಟ್ಟಲೆ ಸಸಿ ಎಬ್ಬಿಸಿದವಳು. ಯಾವ ಮಣ್ಣು, ಎಂಥ ಕುಂಡ, ಅಷ್ಟು ಹೇಳು ಸಾಕು. ಬೇರು ಬಂದರೆ ಗಿಡ ನಿನಗೇ ಕಳಿಸುತ್ತೇನೆ. ಆಯಿ ಹೇಗಿದ್ದಾಳೆ?

ನಿನ್ನ
ಜಗದೇವಿ


ಚಿಂಚೋಳಿ
2 ಜುಲೈ 2024

ಜಗದೇವಿ,

ಕಾಗದ ಮುಟ್ಟಿತು. ಕೇಳಿದ್ದಕ್ಕಷ್ಟೇ ಉತ್ತರ.

ಕರಿಮಣ್ಣು ಜೋಳಕ್ಕೆ, ತೊಗರಿಗೆ ಸರಿ. ಬೇರಿಲ್ಲದ ಕಡ್ಡಿಗೆ ಆಗುವುದಿಲ್ಲ. ಮಳೆಗಾಲದಲ್ಲಿ ನೀರು ಹಿಡಿದಿಟ್ಟು ಬುಡ ಕೊಳೆಸುತ್ತದೆ, ಒಣಗಿದರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಎರಡು ಪಾಲು ಹೊಳೆಯ ಉಸುಕು, ಒಂದು ಪಾಲು ಕೆಂಪುಮಣ್ಣು ಕಲಸು. ಗೊಬ್ಬರ ಬೇಡ, ಬೇರು ಮೂಡುವ ತನಕ ಕಡ್ಡಿಗೆ ಉಣ್ಣಲು ಬಾಯಿಲ್ಲ. ಪೆನ್ಸಿಲ್ ದಪ್ಪದ, ಗೇಣುದ್ದದ ಕಡ್ಡಿ ತಗೋ. ಗಣ್ಣಿನ ಕೆಳಗೆ ಓರೆಯಾಗಿ ಕತ್ತರಿಸು. ಹಾಲು ಸುರಿಯುತ್ತದೆ, ಅದು ಒಣಗುವ ತನಕ ನೆರಳಲ್ಲಿ ಇಡು. ಮೇಲಿನ ಎರಡು ಎಲೆ ಬಿಟ್ಟು ಉಳಿದದ್ದು ತೆಗೆ.

ಮಣ್ಣಿನ ಕುಂಡವೇ ಆಗಬೇಕು, ತಳದಲ್ಲಿ ತೂತಿರಬೇಕು, ತೂತಿನ ಮೇಲೆ ಒಡೆದ ಮಡಕೆಯ ಒಂದು ಬೋಕಿ ಇಡಬೇಕು. ಪ್ಲಾಸ್ಟಿಕ್ ಕಪ್ಪಿಗೆ ತೂತಿಲ್ಲ, ಗಾಳಿಯಿಲ್ಲ, ಬಿಸಿಲಿಗೆ ಒಳಗಿನದು ಬೇಯುತ್ತದೆ. ಪ್ಲಾಸ್ಟಿಕ್ ಕಪ್ಪುಗಳು ನಿನ್ನ ಮನೆಯಲ್ಲಿ ಇನ್ನೂ ಇವೆ ಎಂದು ತಿಳಿಯಿತು.

ದಿನಾ ಕಿತ್ತು ನೋಡುವುದು ಬಿಡು. ಅವ್ವ ಇದ್ದಾಳೆ.

ಲುಂಬಿನಿ


ಸೇಡಂ
9 ಜುಲೈ 2024

ಲುಂಬಿನಿ,

ಕಡ್ಡಿಯ ಬಗ್ಗೆ ಬರೆದದ್ದು ಒಂದು ಸಲ ಓದಿದೆ, ಕಪ್ಪಿನ ಬಗ್ಗೆ ಬರೆದ ಸಾಲನ್ನು ಹತ್ತು ಸಲ ಓದಿದೆ. ಅನ್ನಕ್ಕೆ ಇಟ್ಟದ್ದು ತಳ ಹಿಡಿಯಿತು.

ಅದನ್ನೇ ಹಿಡಿದು ಕೂತಿದ್ದೀಯಲ್ಲ. ನನ್ನ ಮಗಳ ತೊಟ್ಟಿಲ ದಿನ ಎಪ್ಪತ್ತು ಜನ ಬಂದಿದ್ದರು. ಕಪ್ಪು-ಬಸಿ ಸಾಲಲಿಲ್ಲ. ನಿನಗೂ ಆಯಿಗೂ ಪ್ಲಾಸ್ಟಿಕ್ ಕಪ್ಪಿನಲ್ಲಿ ಚಹಾ ತಂದುಕೊಟ್ಟೆ. ಆಯಿ ಕುಡಿದಳು, ನೀನು ನೆಲಕ್ಕಿಟ್ಟು ಎದ್ದುಹೋದೆ. ಕಪ್ಪು ಸಾಲದ್ದಕ್ಕೆ ಹನ್ನೊಂದು ವರ್ಷ ಮಾತು ಬಿಡುತ್ತಾರೇನೇ?

ಬಿಡು. ಉಸುಕು ಎಲ್ಲೂ ಸಿಗಲಿಲ್ಲ, ಟ್ರ್ಯಾಕ್ಟರಿನವರು ಬುಟ್ಟಿ ಲೆಕ್ಕದಲ್ಲಿ ಕೊಡುವುದಿಲ್ಲ. ನಾನೇ ಒಂದು ಉಪಾಯ ಮಾಡಿದೆ. ಪಕ್ಕದ ಅಮೀರ್ ಅಲಿಯವರ ಅಂಗಳದಲ್ಲಿ ಶಹಾಬಾದ್ ಕಲ್ಲು ಹಾಸಿ ಮಶೀನಿನಿಂದ ಪಾಲಿಶ್ ಮಾಡುತ್ತಿದ್ದಾರೆ. ಮೂಲೆಯಲ್ಲಿ ಬೆಳ್ಳನೆಯ ಪುಡಿ ರಾಶಿ ಬಿದ್ದಿದೆ, ಮುಟ್ಟಿದರೆ ಮೈದಾಹಿಟ್ಟಿನ ಹಾಗೆ ನುಣ್ಣಗೆ. ಉಸುಕಿನ ಬದಲು ಅದನ್ನೇ ಎರಡು ಪಾಲು ಹಾಕಿ, ರಸ್ತೆಗೆ ಹಾಕುವ ಕೆಂಪು ಮೊರಮ್ಮು ಒಂದು ಪಾಲು ಕಲಸಿದೆ. ಕಪ್ಪುಗಳಿಗೆ ಕಾದ ಸೂಜಿಯಿಂದ ತೂತು ಮಾಡಿದೆ. ಈ ಸಲ ಬರುತ್ತದೆ ನೋಡು.

ನಿನ್ನ
ಜಗದೇವಿ


ಸೇಡಂ
27 ಜುಲೈ 2024

ಲುಂಬಿನಿ,

ನಿನ್ನ ಉತ್ತರವಿಲ್ಲ. ಅಂಚೆಯವನನ್ನು ಎರಡು ಸಲ ಬಾಗಿಲಲ್ಲಿ ನಿಲ್ಲಿಸಿ ಕೇಳಿದೆ, ಈಗ ಅವನು ನಮ್ಮ ಓಣಿಗೆ ಬಂದರೆ ಸೈಕಲ್ ಜೋರು ಮಾಡುತ್ತಾನೆ.

ಪುಡಿಯ ಕಥೆ ಕೇಳಬೇಡ. ಮೂರು ದಿನ ಮಳೆ, ನಾಲ್ಕು ದಿನ ಬಿಸಿಲು ಬಿದ್ದದ್ದೇ ಗಟ್ಟಿಯಾಗಿ ಕೂತಿತು. ಒಂದು ಕಡ್ಡಿ ಹಿಡಿದು ಎಳೆದರೆ ಕಪ್ಪಿನ ಸಮೇತ ಬಂತು. ಒಡೆದು ನೋಡಿದೆ, ಕಂಬಕ್ಕೆ ಸಿಮೆಂಟ್ ಹಾಕಿದ ಹಾಗೆ ಇತ್ತು. ಸುತ್ತ ಊರೆಲ್ಲ ಸಿಮೆಂಟಿನ ಕಲ್ಲಿನ ಮೇಲೆ ಕೂತಿದೆ, ಅದೇ ಕಲ್ಲಿನ ಹಿಟ್ಟು ತಂದು ಗಿಡ ಹಚ್ಚಿದವಳು ನಾನೊಬ್ಬಳೇ. ಅತ್ತೆ ಮಹಾದೇವಮ್ಮ ನೋಡಿ, "ಏನ್ ಮಾಡಾಕತ್ತೀಯವಾ, ಗಿಡ ಹಚ್ತೀಯೋ ಮನಿ ಕಟ್ತೀಯೋ" ಅಂದರು. ಅವರು ಹಾಗೆ ಕೇಳುವಾಗ ಕೈಯಲ್ಲಿ ಹೂಬುಟ್ಟಿ ಇತ್ತು. ದಿನಾ ಆ ಗಿಡದ ಹೂವೇ ಅವರ ಲಿಂಗಪೂಜೆಗೆ.

ದಸರೆಗೆ ಹನ್ನೊಂದು ವಾರವೂ ಉಳಿದಿಲ್ಲ. ನನ್ನ ಕೈಯಲ್ಲಿ ಆಗುವುದಿಲ್ಲ. ಒದ್ದೆ ಗೋಣಿತಾಟಿನಲ್ಲಿ ಹತ್ತು ಕಡ್ಡಿ ಸುತ್ತಿ, ಚಿಂಚೋಳಿ ಬಸ್ಸಿನ ಕಂಡಕ್ಟರ್ ಅಂಬರಾಯನ ಕೈಯಲ್ಲಿ ಈ ಕಾಗದದ ಜೊತೆ ಕಳಿಸಿದ್ದೇನೆ. ನೀನೇ ಹಚ್ಚು. ನಿನ್ನ ಹತ್ತಿರ ಎಲ್ಲ ಇದೆ.

ನಿನ್ನ
ಜಗದೇವಿ


ಚಿಂಚೋಳಿ
4 ಆಗಸ್ಟ್ 2024

ಜಗದೇವಿ,

ಗೋಣಿತಾಟು ಬಂದ ದಿನವೇ ವಾಪಸ್ ಕಳಿಸಿದೆ. ಅಂಬರಾಯ ನನ್ನನ್ನು ಹುಚ್ಚಿ ಎಂದುಕೊಂಡಿರಬೇಕು. ಈ ಸಲ ಅದೇ ಬಸ್ಸಿನಲ್ಲಿ ಒಂದು ಚೀಲ ಇಲ್ಲಿನ ಗುಡ್ಡದ ಕೆಂಪುಮಣ್ಣು ಬರುತ್ತದೆ, ತಗೋ. ಉಸುಕು ಮಾತ್ರ ನೀನೇ ಕಾಗಿಣಾ ಹೊಳೆಗೆ ಹೋಗಿ ತಾ, ಎರಡು ಬುಟ್ಟಿ ಸಾಕು. ಮೂರು ಸಲ ತೊಳೆ. ಮುಷ್ಟಿಯಲ್ಲಿ ಹಿಚುಕಿ ಬಿಟ್ಟರೆ ಉಂಡೆ ತಾನಾಗಿ ಒಡೆಯಬೇಕು, ಆಗ ಮಣ್ಣು ಹದವಾಗಿದೆ ಎಂದು ಅರ್ಥ. ಕುರಕುಂಟಾದಲ್ಲಿ ಕುಂಬಾರರು ಇನ್ನೂ ಕುಂಡ ಮಾಡುತ್ತಾರೆ. ತಂದ ಮೇಲೆ ಒಂದು ರಾತ್ರಿ ನೀರಲ್ಲಿ ಮುಳುಗಿಸು, ಇಲ್ಲದಿದ್ದರೆ ಕುಂಡವೇ ಕಡ್ಡಿಯ ನೀರು ಕುಡಿಯುತ್ತದೆ.

ಕಡ್ಡಿ ಯಾಕೆ ಇಟ್ಟುಕೊಳ್ಳಲಿಲ್ಲ ಎಂದರೆ, ನಾನು ಹಚ್ಚಿದರೆ ನಿನಗೆ ನಿರಾಳವಾಗಿಬಿಡುತ್ತದೆ. ಅಷ್ಟು ಸುಲಭ ಮಾಡಿಕೊಡಲು ನನಗೆ ಮನಸ್ಸಿಲ್ಲ.

ಅವ್ವ ಹಾಸಿಗೆ ಹಿಡಿದು ಎಂಟು ತಿಂಗಳಾಯಿತು. ಕೆಲವು ದಿನ ಎಲ್ಲ ನೆನಪಿರುತ್ತದೆ, ಕೆಲವು ದಿನ ವಾಡಿಯಲ್ಲೇ ಇದ್ದೇನೆ ಅಂದುಕೊಳ್ಳುತ್ತಾಳೆ. ದಿನಾ ಸಂಜೆ, "ಗಿಡಕ್ಕ ನೀರ ಹಾಕೀದೇನು?" ಅಂತ ಕೇಳುತ್ತಾಳೆ. "ಹಾಕೀನವ್ವ" ಅನ್ನುತ್ತೇನೆ. ಲಕ್ಷ ಸಸಿ ಎಬ್ಬಿಸಿದ್ದೇನೆ ಎಂದು ಬರೆದೆಯಲ್ಲ, ಅದರಲ್ಲಿ ಅವಳು ಕೇಳುವ ಗಿಡ ಒಂದೂ ಇಲ್ಲ.

ಕಪ್ಪು ಸಾಲಲಿಲ್ಲ ಎಂದು ಅವ್ವನೂ ಹೇಳುತ್ತಾಳೆ. ಆ ಮಾತಿಗೆ ಅವಳ ಜೊತೆ ಎಷ್ಟು ಸಲ ಜಗಳವಾಡಿದ್ದೇನೋ ಲೆಕ್ಕವಿಲ್ಲ. ಆ ಪಡಸಾಲೆಯಲ್ಲಿ ಎಪ್ಪತ್ತು ಜನರಿದ್ದರು. ನಮ್ಮ ಜಾತಿಯವರು ಇಬ್ಬರೇ, ಪ್ಲಾಸ್ಟಿಕ್ ಕಪ್ಪುಗಳೂ ಎರಡೇ. ತಾಟು ಹಿಡಿದವಳು ನೀನು. ನೀನೇ ಹೇಳು, ಸಾಲಲಿಲ್ಲವೇ?

ಲುಂಬಿನಿ


ಸೇಡಂ
14 ಆಗಸ್ಟ್ 2024

ಲುಂಬಿನಿ,

ಸಾಲುತ್ತಿದ್ದವು.

ಇದನ್ನು ಬರೆಯಲು ಒಂದು ವಾರ ಹಿಡಿಯಿತು. ಏನೇನೋ ಬರೆದು ಹರಿದೆ. ಪಡಸಾಲೆಯ ಗಾಜಿನ ಅಲಮಾರಿಯಲ್ಲಿ ನನ್ನ ತವರಿನವರು ಕೊಟ್ಟ ಪಿಂಗಾಣಿ ಕಪ್ಪು ಹನ್ನೊಂದು ಹಾಗೇ ಇದ್ದವು. ಅಡುಗೆಮನೆಯಲ್ಲಿ ಅತ್ತೆ ಎರಡು ಪ್ಲಾಸ್ಟಿಕ್ ಕಪ್ಪು ತಾಟಿನಲ್ಲಿ ಇಟ್ಟು, "ಇವು ಅವರಿಗಿ" ಅಂದರು. ಅಷ್ಟೇ ಅಂದರು. ನಾನು ಯಾಕೆ ಎಂದು ಕೇಳಲಿಲ್ಲ, ಗೊತ್ತಿತ್ತು. ನಿಮ್ಮ ಮನೆಯ ತಾಟಿನಲ್ಲಿ ಉಂಡು ಬೆಳೆದವಳು ನಾನು. ಆಯಿ ಬೇರೆಯಲ್ಲ, ನಮ್ಮವ್ವ ಬೇರೆಯಲ್ಲ ಅಂತ ಊರೆಲ್ಲ ಹೇಳಿಕೊಂಡು ತಿರುಗಿದವಳು. ತಾಟು ಎತ್ತಿಕೊಂಡು ಬಂದೆ. ನಿನ್ನ ಮುಖ ನೋಡದೆ ಕೊಟ್ಟೆ. ಬಾಣಂತಿ ಇದ್ದೆ, ಹೊಸ ಸೊಸೆ ಇದ್ದೆ ಎಂದು ನನಗೆ ನಾನೇ ಹೇಳಿಕೊಂಡೆ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಹೊಸ ಸೊಸೆ ಎಲ್ಲಿಯದು.

ತಪ್ಪು ನನ್ನದು. ನನ್ನನ್ನು ಕ್ಷಮಿಸು ಎಂದು ಬರೆಯಲು ಬಾಯಿಲ್ಲ, ಆದರೂ ಬರೆಯುತ್ತಿದ್ದೇನೆ.

ಕಾಗಿಣಾಕ್ಕೆ ನಾನೇ ಸ್ಕೂಟರಿನಲ್ಲಿ ಹೋಗಿ ಉಸುಕು ತಂದೆ. ಸೀರೆಯೆಲ್ಲ ಕೆಸರು. ನಿನ್ನ ಮಣ್ಣು ಕಲಸಿ ಹಿಚುಕಿದೆ, ಉಂಡೆ ತಾನಾಗಿ ಒಡೆಯಿತು. ಕುರಕುಂಟಾದಿಂದ ಆರು ಕುಂಡ ಬಂದಿವೆ. ಇನ್ನೊಂದು ಮಾಡಿದೆ. ಆ ಹನ್ನೊಂದು ಪಿಂಗಾಣಿ ಕಪ್ಪು ಇಳಿಸಿ, ಮೊಳೆ ಇಟ್ಟು ತಳಕ್ಕೆ ತೂತು ಹೊಡೆದೆ. ಏಳು ಒಡೆದವು, ನಾಲ್ಕು ಉಳಿದವು. ಆ ನಾಲ್ಕರಲ್ಲೂ ಒಂದೊಂದು ಕಡ್ಡಿ ನೆಟ್ಟಿದ್ದೇನೆ. ಮನೆಯವರು ಹುಚ್ಚು ಹಿಡಿದಿದೆ ಅಂದರು. ನೀನೂ ಅನ್ನು.

ನಿನ್ನ
ಜಗದೇವಿ


ಚಿಂಚೋಳಿ
30 ಆಗಸ್ಟ್ 2024

ಜಗದೇವಿ,

ಹುಚ್ಚೇ. ಪಿಂಗಾಣಿಯ ಮೈಯಲ್ಲಿ ಗಾಳಿ ಆಡುವುದಿಲ್ಲ, ಆಳ ನಾಲ್ಕು ಬೆರಳು. ಆ ನಾಲ್ಕು ಕಡ್ಡಿ ಸಾಯುತ್ತವೆ. ನಿನ್ನ ಪಶ್ಚಾತ್ತಾಪ ಕಡ್ಡಿಗೆ ತಿಳಿಯುವುದಿಲ್ಲ. ಅದಕ್ಕೆ ಉಸುಕು ಬೇಕು, ನೆರಳು ಬೇಕು, ಯಾರೂ ಮುಟ್ಟದೆ ಇರಬೇಕು.

ನಿನ್ನ ಕಾಗದ ನರ್ಸರಿಯಲ್ಲಿ ನಿಂತು ಓದಿದೆ. ಖುಷಿಯಾಯಿತೋ ಸಿಟ್ಟು ಬಂತೋ ಗೊತ್ತಾಗಲಿಲ್ಲ, ಎರಡೂ ಇದ್ದವು. ನಾನು ಸಂಶಯದವಳಲ್ಲ, ಕಂಡದ್ದನ್ನೇ ಕಂಡವಳು ಎಂದು ಇಷ್ಟು ವರ್ಷಕ್ಕೆ ಒಬ್ಬರು ಒಪ್ಪಿದರು. ಅವ್ವನಿಗೆ ಓದಿ ಹೇಳಲಿಲ್ಲ. ಕಪ್ಪು ಸಾಲಲಿಲ್ಲ ಎಂದು ನಂಬಿಕೊಂಡು ಮಲಗಿದ್ದಾಳೆ, ಮಲಗಲಿ.

ನಿನ್ನ ಜುಲೈ ಕಾಗದದಲ್ಲಿ ಒಂದು ಮಾತು ಇತ್ತು. ಆ ಗಿಡದ ಹೂವು ನಿನ್ನ ಅತ್ತೆಯ ಲಿಂಗಪೂಜೆಗೆ ಎಂದು. ಯಾರ ಗಿಡ ಅಂತ ಅವರಿಗೆ ಹೇಳಿದ್ದೀಯಾ? ಇಲ್ಲ ಎಂದು ನನಗೆ ಗೊತ್ತು. ನಮ್ಮವ್ವನ ಕೈಯ ಹೂವು ಹದಿನೈದು ವರ್ಷ ದೇವರಿಗೆ ಸಂದಿತು. ಅವಳ ತುಟಿ ಮುಟ್ಟಿದ ಕಪ್ಪು ಮಾತ್ರ ಅಲಮಾರಿಗೆ ಸಲ್ಲುವಂತಿರಲಿಲ್ಲ. ನನ್ನ ಮುಂದೆ ತಪ್ಪೊಪ್ಪುವುದು ದೊಡ್ಡದಲ್ಲ, ನಾನು ನಲವತ್ತು-ಐವತ್ತು ಕಿಲೋಮೀಟರ್ ದೂರ ಇದ್ದೇನೆ. ಅವರಿಗೆ ಹೇಳು. ಹೇಳಿದ ಮೇಲೆ ಗಿಡ ಕಳಿಸು, ತಗೊಳ್ಳುತ್ತೇನೆ. ಹೇಳದೆ ಕಳಿಸಿದರೆ ಅಂಬರಾಯ ಮತ್ತೆ ಹೊತ್ತುಕೊಂಡು ಬರುತ್ತಾನೆ.

ಕಡ್ಡಿ ಕಿತ್ತು ನೋಡಬೇಡ.

ಲುಂಬಿನಿ


ಸೇಡಂ
6 ಅಕ್ಟೋಬರ್ 2024

ಲುಂಬಿನಿ,

ಇಷ್ಟು ದಿನ ಯಾಕೆ ಬರೆಯಲಿಲ್ಲ ಎಂದು ಕೇಳಬೇಡ, ಕೇಳಿದರೂ ತಪ್ಪಿಲ್ಲ. ನಿನ್ನ ಕಾಗದ ಹದಿನೈದು ದಿನ ಅಕ್ಕಿ ಡಬ್ಬಿಯಲ್ಲಿತ್ತು. ದಿನಾ ಮುಂಜಾನೆ ಅತ್ತೆ ಹೂ ಹರಿದು ಬುಟ್ಟಿಗೆ ಹಾಕುವಾಗ ಹೇಳಬೇಕೆಂದು ಬಾಗಿಲಿಗೆ ಬರುವುದು, ಒಳಗೆ ಹೋಗುವುದು. ಪೊರಕೆ ಹಿಡಿದು ಕಸವಿಲ್ಲದ ಅಂಗಳ ಗುಡಿಸುವುದು. ಅತ್ತೆಯೇ, "ಯಾಕವಾ, ಕುಂದ್ರಾಕೂ ಬರವಲ್ದೇನು ನಿನಗ?" ಅಂದರು.

ಸೆಪ್ಟೆಂಬರ್ ಹದಿನೇಳು, ವಿಮೋಚನಾ ದಿನದಂದು ಹೇಳಿದೆ. ಶಾಲೆಯಲ್ಲಿ ಧ್ವಜ ಏರಿಸಿ ಮಗಳು ಮನೆಗೆ ಬಂದಿದ್ದಳು, ಮನೆಯವರೂ ಇದ್ದರು. ಹೂಬುಟ್ಟಿ ಅತ್ತೆಯ ಕೈಯಲ್ಲೇ ಇತ್ತು. "ಅತ್ತಿ, ಈ ಗಿಡ ವಾಡಿ ಲಾಲಮ್ಮಂದರಿ. ನನ್ನ ಮದುವ್ಯಾಗ ಆಕಿ ಕೊಟ್ಟ ಕಡ್ಡಿ. ತೊಟ್ಟಲ ದಿನ ನಾವು ಪ್ಲಾಸ್ಟಿಕ್ ಕಪ್ಪಿನ್ಯಾಗ ಚಹಾ ಕೊಟ್ಟಿವಲ್ಲ, ಆಕಿ" ಅಂದೆ.

ಅತ್ತೆ ಬುಟ್ಟಿ ಕೆಳಗಿಟ್ಟರು. "ಹದಿನೈದು ವರ್ಷ ನನ್ನ ಕೈಲೆ ಹರಿಸಿದಿ. ಮೊದಲೇ ಹೇಳಬೇಕಿತ್ತು" ಅಂದರು. "ಹೇಳಿದ್ರ ಹರೀತಿದ್ರೇನ್ರಿ?" ಅಂತ ಕೇಳಿದೆ. ಈ ಮನೆಗೆ ಬಂದ ಮೇಲೆ ಅವರಿಗೆ ಎದುರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಬುಟ್ಟಿ ಅಲ್ಲೇ ಬಿಟ್ಟು ಒಳಗೆ ಹೋದರು.

ಮರುದಿನ ನಾನು ಏಳುವ ಹೊತ್ತಿಗೆ ಕೊಡಲಿ ಸಪ್ಪಳ. ದಸರೆ ಇನ್ನೂ ಮೂರು ವಾರ ಇತ್ತು. ಅತ್ತೆ ಆಳು ಕರೆಸಿದ್ದರು, ಮನೆಯವರು ಪಕ್ಕದಲ್ಲಿ ನಿಂತಿದ್ದರು. ಓಡಿಹೋಗಿ ತಡೆದೆ. "ಹೆಂಗಿದ್ರೂ ಕಡಿಯೂದೇ ಇತ್ತಲ್ಲ, ಸುಮ್ನಿರು" ಅಂದರು ಮನೆಯವರು. ಬುಡದಿಂದ ಹಾಲು ಹರಿದು ಮಣ್ಣಿಗೆ ಇಳಿಯುತ್ತಿತ್ತು. ನಾನು ಅಲ್ಲೇ ಕೂತು ಜೋರಾಗಿ ಅತ್ತುಬಿಟ್ಟೆ. ಓಣಿಯೆಲ್ಲ ನೋಡಿತು, ನೋಡಲಿ. ಈಗ ಅಂಗಳ ತುಂಬ ಕಲ್ಲು ಹಾಸಿದೆ. ಅತ್ತೆಯ ಪೂಜೆಗೆ ಸಂತೆಯ ಸೇವಂತಿಗೆ ಬರುತ್ತದೆ. ನಾನೂ ಅವರೂ ಒಂದೇ ಮನೆಯಲ್ಲಿ ಉಪ್ಪು ಬೇಕೇ, ಸಾಕೇ ಅನ್ನುವಷ್ಟು ಮಾತಾಡುತ್ತೇವೆ.

ಪಿಂಗಾಣಿ ಕಪ್ಪಿನ ನಾಲ್ಕೂ ಸತ್ತವು, ನೀನು ಹೇಳಿದ ಹಾಗೆ. ಮಣ್ಣಿನ ಕುಂಡದ ಆರರಲ್ಲಿ ನಾಲ್ಕು ಒಣಗಿದವು. ಎರಡರಲ್ಲಿ ಎಳೆ ಎಲೆ ಬಂದಿದೆ, ತಳದ ತೂತಿನಿಂದ ಬಿಳಿ ದಾರದಂಥ ಬೇರು ಹೊರಗೆ ಕಾಣುತ್ತಿದೆ. ಒಂದು ಸಲವೂ ಕಿತ್ತು ನೋಡಲಿಲ್ಲ, ಆಣೆ. ಎರಡೂ ಕುಂಡ ಹುಲ್ಲಿನಲ್ಲಿ ಕಟ್ಟಿ ಅಂಬರಾಯನಿಗೆ ಕೊಟ್ಟಿದ್ದೇನೆ. ನನಗೆ ಒಂದೂ ಇಟ್ಟುಕೊಳ್ಳಲಿಲ್ಲ. ಇಲ್ಲಿ ಇಡಲು ಮಣ್ಣಿಲ್ಲ.

ಜಗದೇವಿ


ಚಿಂಚೋಳಿ
19 ಅಕ್ಟೋಬರ್ 2024

ಜಗದೇವಿ,

ಎರಡೂ ಬಂದಿವೆ. ಒಂದರ ಕುಂಡದ ಅಂಚು ದಾರಿಯಲ್ಲಿ ಒಡೆದಿದೆ, ಬೇರಿಗೆ ಪೆಟ್ಟಿಲ್ಲ. ಹತ್ತು ದಿನ ನೆರಳಲ್ಲಿ ಇಟ್ಟೆ. ಮೊನ್ನೆ ಹುಣ್ಣಿಮೆಯ ದಿನ ಒಂದು ಕುಂಡ ಅವ್ವನ ಮಂಚದ ಹತ್ತಿರ ತಂದೆ.

ಅವತ್ತು ಅವಳಿಗೆ ಎಲ್ಲ ನೆನಪಿತ್ತು. ಒಂದು ಎಲೆ ಚಿವುಟಿ, ಬೆರಳಿಗೆ ಹತ್ತಿದ ಹಾಲು ನೋಡಿ, "ಇದು ನಮ್ಮ ವಾಡಿ ಗಿಡ" ಅಂದಳು. ಜಗದೇವಿ ಕಳಿಸಿದಳು ಅಂದೆ. ಸೇಡಂದ ಗಿಡ ಕಡಿದರು ಎಂದೂ ಹೇಳಿಬಿಟ್ಟೆ. ಯಾಕೆ ಕಡಿದರು ಎಂದು ಕೇಳಿದಳು. ಕಪ್ಪಿನ ವಿಷಯ ಹೇಳಬಾರದೆಂದಿದ್ದೆ, ಆಗಲಿಲ್ಲ. ಕಪ್ಪು ಸಾಲುತ್ತಿದ್ದವು ಅಂತ ಜಗದೇವಿಯೇ ಒಪ್ಪಿದಳು, ಅತ್ತೆಗೆ ಗಿಡ ಯಾರದೆಂದು ಹೇಳಿದಳು, ಮರುದಿನವೇ ಕಡಿದರು ಅಂದೆ.

ಅವ್ವನಿಗೆ ಆಶ್ಚರ್ಯವಾಗಲಿಲ್ಲ. "ಕಡೀತಾರಂತ ನನಗ ಗೊತ್ತಿತ್ತು" ಅಂದಳು. "ಅಲಮಾರಿ ನನ್ನ ಎದುರಿಗೇ ಇತ್ತವ್ವ. ಕಪ್ಪು ನಾ ನೋಡೀನಿ, ಹನ್ನೊಂದಿದ್ವು. ನೀ ಸಿಟ್ಟಿಲೆ ಎದ್ದು ಹೋದಿ. ನಾನೂ ಎದ್ದು ಬಂದಿದ್ರ ಜಗಳಾಗಿ, ಗಿಡ ನಂದಂತ ಗೊತ್ತಾಗಿ, ಅವತ್ತೇ ಕಡೀತಿದ್ರು. ನಿಮ್ಮಪ್ಪಂದು ರಿಟೈರ್ ಬಂದಿತ್ತು, ವಾಡೀ ಗಿಡ ಹೋಗೂದು ಖರೇನೇ ಇತ್ತು. ಒಂದರ ಉಳೀಲಿ ಅಂತ ಸುಮ್ಮ ಕುಡದೆ."

ಜಗದೇವಿ, ಹನ್ನೊಂದು ವರ್ಷ ಅವಳ ಮುಖದ ಮೇಲೆ, "ನಿನಗ ಮಾನಾನೇ ಇಲ್ಲೇನವ್ವ" ಎಂದು ಕೇಳಿದ್ದೇನೆ. ಒಂದು ಸಲವಲ್ಲ. ಅವಳು ಪ್ರತಿ ಸಲ ಕಪ್ಪು ಸಾಲಲಿಲ್ಲ ಎಂದೇ ಹೇಳಿದಳು. ಅವಳು ಏನೂ ತಿಳಿಯದ ಭೋಳೆ ಎಂದು ನಾನು ನಂಬಿದ್ದೆ. ನಿನ್ನ ತಪ್ಪು ನೀನು ಒಪ್ಪಿದೆ, ನನ್ನದನ್ನು ಅವಳ ಕಾಲ ಬಳಿ ಕೂತು ಒಪ್ಪಿದೆ. ತಲೆ ಸವರಿ, "ಹೋಗ್ಲಿ ಬಿಡು, ಉಸುಕು ಯಾವ ಹೊಳೀದು ಹಾಕ್ಯಾಳ ಕೇಳು" ಅಂದಳು. ಕಾಗಿಣಾದ್ದು ಅಂದೆ. ಸರಿ ಅಂದಳು.

ನಿನ್ನನ್ನು ಕ್ಷಮಿಸಿದ್ದೇನೆಯೇ ಎಂದು ನನಗೆ ಇನ್ನೂ ಗೊತ್ತಿಲ್ಲ, ಸುಳ್ಳು ಬರೆಯುವುದಿಲ್ಲ. ಆದರೆ ಅವ್ವ ನಿನ್ನನ್ನು ನೋಡಬೇಕು ಅನ್ನುತ್ತಾಳೆ. ಮುಂಜಾನೆಯ ಬಸ್ಸಿಗೆ ಬಾ. ಮಗಳನ್ನು ಕರೆದುಕೊಂಡು ಬಾ. ಎರಡನೆಯ ಗಿಡ ನಿನ್ನದು. ಇಲ್ಲೇ ನಮ್ಮ ಬಾಗಿಲ ಎಡಕ್ಕೆ ನೆಟ್ಟಿರುತ್ತೇನೆ, ಬಂದಾಗ ನೋಡಿಕೋ.

ನಿನ್ನೆ ಸಂಜೆ ಅವ್ವ ಎಂದಿನಂತೆ, "ಗಿಡಕ್ಕ ನೀರ ಹಾಕೀದೇನು?" ಅಂದಳು. ಹಾಕೀನಿ ಎಂದು ಬಾಯಿಗೆ ಬಂತು. ತಡೆದು, ಚೊಂಬು ತಗೊಂಡು ಹೊರಗೆ ಹೋಗಿ, ಎರಡಕ್ಕೂ ನೀರು ಹಾಕಿ ಬಂದು ಹೇಳಿದೆ.

ನಿನ್ನ
ಲುಂಬಿನಿ